ಸುಮ್ನೆ ಬಂದ್ರೂ ಪರವಾಗಿಲ್ಲ

(ಹನುಮಂತನಗರದ ಒಂದು ಸಮುದಾಯ ಭವನದಲ್ಲಿ ಭಾನುವಾರ ಬೆಳಗ್ಗೆ ಆಡಿದ ಮಾತುಗಳನ್ನು ನಾನೇ ಕೂತು ಬರಹಕ್ಕೆ ಇಳಿಸಿದ್ದೇನೆ. ಕೇಳಲು ಬಂದವರಲ್ಲಿ ಹೆಚ್ಚಿನವರು ಏಳು ತಿಂಗಳು ದಾಟಿದ ಗರ್ಭಿಣಿಯರು, ಅವರ ಅಮ್ಮಂದಿರು, ಅತ್ತೆಯರು. ಐದಾರು ಗಂಡಂದಿರೂ ಇದ್ದರು. ಎಲ್ಲರೂ ಹಿಂದಿನ ಸಾಲಿನಲ್ಲಿ, ಬಾಗಿಲ ಹತ್ತಿರ.)

ಎಲ್ಲರಿಗೂ ನಮಸ್ಕಾರ. ನಾನು ಡಾಕ್ಟರ್ ಅಲ್ಲ. ಮೂವತ್ತು ವರ್ಷ ಈ ಊರಿನ ಲೇಬರ್ ವಾರ್ಡುಗಳಲ್ಲಿ ಸಿಸ್ಟರ್ ಆಗಿದ್ದೆ. ಈಗ ನಿವೃತ್ತಿ ಆಗಿದೆ. ಹಾಗಾಗಿ ಇವತ್ತು ನಾನು ಹೇಳುವುದು ಹಾಸಿಗೆಯ ಪಕ್ಕ ನಿಂತು ಕಂಡದ್ದು.

ಮೊದಲು ನನ್ನ ತಪ್ಪೊಂದನ್ನು ಹೇಳಿಬಿಡುತ್ತೇನೆ. ತೊಂಬತ್ತರ ದಶಕ. ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದ ಒಬ್ಬ ಹುಡುಗಿ, ಚೊಚ್ಚಲ ಬಸುರಿ, ಒಂದೇ ವಾರದಲ್ಲಿ ಮೂರು ಸಲ ರಾತ್ರಿ ಹೊತ್ತು ಬಂದಳು. ಮೂರು ಸಲವೂ ನೋವು ನಿಂತುಹೋಯಿತು. ಮೂರನೇ ಸಲ ನನಗೆ ಸಿಟ್ಟು ಬಂತು. ವಾರ್ಡ್ ತುಂಬಿತ್ತು, ಒಂದು ಹಾಸಿಗೆಯಲ್ಲಿ ಇಬ್ಬರು ಮಲಗಿದ್ದರು. 'ನೋವು ಬಂದ ಮೇಲೆ ಬಾ ತಾಯಿ, ಸುಮ್ನೆ ಓಡಾಡಬೇಡ' ಅಂದೆ. ನಾಲ್ಕನೇ ಸಲ ಅವಳು ಬರಲಿಲ್ಲ. ಬಂದಾಗ ಆಟೋದಲ್ಲೇ ಹೆರಿಗೆ ಆಗಿತ್ತು, ಆಸ್ಪತ್ರೆ ಗೇಟಿನ ಮುಂದೆ. ಮಗು ತಣ್ಣಗಾಗಿತ್ತು, ಆದರೆ ಅಳುತ್ತಿತ್ತು. ತಾಯಿಗೆ ಎರಡು ಬಾಟಲ್ ರಕ್ತ ಕೊಡಬೇಕಾಯಿತು. ಮಾರನೇ ದಿನ 'ಯಾಕಮ್ಮ ಇಷ್ಟು ಹೊತ್ತು ಕಾದೆ' ಅಂತ ಕೇಳಿದರೆ, 'ನೀವೇ ಬೈತೀರಲ್ಲ ಸಿಸ್ಟರ್' ಅಂದಳು.

ಅವತ್ತಿನಿಂದ ಆ ಮಾತನ್ನು ಯಾರಿಗೂ ಹೇಳಿಲ್ಲ. ನಿಮಗೆ ಯಾರಾದರೂ ಹಾಗೆ ಹೇಳಿದರೆ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡಿ. ಸುಮ್ನೆ ಬಂದ್ರೂ ಪರವಾಗಿಲ್ಲ. ತಡವಾಗಿ ಬಂದರೆ ಕಷ್ಟ.

ಈಗ ದಿನದ ಲೆಕ್ಕ. ನಮ್ಮ ಅಜ್ಜಿಯಂದಿರು 'ಒಂಬತ್ತು ತಿಂಗಳು ಒಂಬತ್ತು ದಿನ' ಅನ್ನುತ್ತಿದ್ದರು. ಡಾಕ್ಟರ್ ಲೆಕ್ಕವೂ ಅದಕ್ಕೆ ಹತ್ತಿರವೇ. ಕೊನೆಯ ಸಲ ಮುಟ್ಟಾದ ಮೊದಲ ದಿನಕ್ಕೆ ಒಂಬತ್ತು ತಿಂಗಳು, ಏಳು ದಿನ ಸೇರಿಸಿ. ಜನವರಿ 10 ಆಗಿದ್ದರೆ ಅಕ್ಟೋಬರ್ 17. ಒಟ್ಟು 280 ದಿನ, ಅಂದರೆ 40 ವಾರ. ಈ ಲೆಕ್ಕಕ್ಕೆ ಜರ್ಮನಿಯ ನೇಗೆಲೆ ಅನ್ನುವ ಡಾಕ್ಟರ್ ಹೆಸರಿದೆ, ಹತ್ತೊಂಬತ್ತನೇ ಶತಮಾನದವರು. ಎರಡು ದಿನದ ವ್ಯತ್ಯಾಸಕ್ಕೆ ಅಜ್ಜಿಯ ಹತ್ತಿರ ಜಗಳಕ್ಕೆ ಹೋಗಬೇಡಿ. ಯಾಕಂದರೆ ಕೊಟ್ಟ ಡೇಟಿಗೆ ಸರಿಯಾಗಿ ಹೆರುವವರು ನೂರರಲ್ಲಿ ನಾಲ್ಕೈದು ಜನ ಮಾತ್ರ. ಡೇಟ್ ಅನ್ನುವುದು ರೈಲಿನ ಟೈಮ್ ಅಲ್ಲ. 37 ವಾರ ತುಂಬಿದ ಮೇಲೆ ಯಾವತ್ತು ಬೇಕಾದರೂ ಆಗಬಹುದು. 37ಕ್ಕೆ ಮುಂಚೆ ನೋವು ಬಂದರೆ ಅದು ದಿನ ತುಂಬದ ನೋವು. ಮನೆಯಲ್ಲಿ ಕೂತು ಲೆಕ್ಕ ಹಾಕುವ ಪ್ರಶ್ನೆಯೇ ಇಲ್ಲ, ಹೊರಟುಬಿಡಿ. 40 ವಾರ ಕಳೆದು 41ರ ಹತ್ತಿರ ಬಂದರೂ ಏನೂ ಆಗಿಲ್ಲ ಅಂದರೆ, ಆಗಲೂ ಸುಮ್ಮನೆ ಕೂರಬೇಡಿ, ತೋರಿಸಿ.

ಕೊನೆಯ ತಿಂಗಳಲ್ಲಿ ಮೈಯಲ್ಲಿ ಏನೇನು ಆಗುತ್ತದೆ? ಎಲ್ಲರಿಗೂ ಗೊತ್ತಿರುವುದು 'ಹೊಟ್ಟೆ ಇಳಿಯುವುದು'. ಚೊಚ್ಚಲಾದರೆ ಹೆರಿಗೆಗೆ ಎರಡರಿಂದ ನಾಲ್ಕು ವಾರ ಮುಂಚೆಯೇ ಮಗುವಿನ ತಲೆ ಕೆಳಗೆ ಕೂರುತ್ತದೆ. ಪಕ್ಕೆಲುಬಿನ ಕೆಳಗೆ ಒಂದು ಕೈ ಇಡುವಷ್ಟು ಜಾಗ ಆಗುತ್ತದೆ. ಉಸಿರಾಟ ಸಲೀಸಾಗುತ್ತದೆ, ಎದೆಯುರಿ ಕಮ್ಮಿ ಆಗುತ್ತದೆ. ಒಂದು ಕಡೆ ಆರಾಮ ಸಿಕ್ಕರೆ ಇನ್ನೊಂದು ಕಡೆ ತೊಂದರೆ. ಗಂಟೆಗೆ ಎರಡು ಸಲ ಬಾತ್‌ರೂಮು. ನಡಿಗೆ ಬಾತುಕೋಳಿ ತರ. ಎರಡನೇ ಹೆರಿಗೆಯಲ್ಲಿ ಹೊಟ್ಟೆ ಮುಂಚೆಯೇ ಇಳಿಯಬೇಕು ಅಂತಿಲ್ಲ. ನೋವು ಶುರುವಾದ ಮೇಲೇ ಇಳಿಯಬಹುದು. 'ಹೊಟ್ಟೆ ಇನ್ನೂ ಮೇಲೇ ಇದೆ, ಇನ್ನೂ ಹದಿನೈದು ದಿನ ಇದೆ' ಅಂತ ಅತ್ತೆ ಹೇಳಿದರು, ಇವಳು ಕೂತಳು, ಅದೇ ಸಂಜೆ ಹೆತ್ತಳು. ಇಂಥವು ಎಷ್ಟೋ ನೋಡಿದ್ದೇನೆ.

ಕೆಲವರಿಗೆ ಬೇಧಿ ಆಗುತ್ತದೆ. ಕೆಲವರಿಗೆ ಇದ್ದಕ್ಕಿದ್ದ ಹಾಗೆ ಅಟ್ಟ ಗುಡಿಸಬೇಕು, ಡಬ್ಬಿಗಳನ್ನೆಲ್ಲ ತೊಳೆಯಬೇಕು ಅನ್ನುವ ಹುಮ್ಮಸ್ಸು ಬರುತ್ತದೆ. ಅದನ್ನು ನೆಚ್ಚಿಕೊಂಡು ದಿನ ಹೇಳಲು ಆಗುವುದಿಲ್ಲ. ಸ್ಟೂಲ್ ಮಾತ್ರ ಹತ್ತಬೇಡಿ.

ಸಂಜೆ ಹೊತ್ತಿಗೆ ಪಾದ ಊದುವುದು ಮಾಮೂಲಿ. ಕಾಲು ಎತ್ತಿಟ್ಟು ಮಲಗಿದರೆ ಬೆಳಗ್ಗೆಗೆ ಇಳಿದಿರುತ್ತದೆ. ಆದರೆ ಕೈ ನೋಡಿಕೊಳ್ಳಿ. ನಿಮ್ಮಲ್ಲಿ ಎಷ್ಟು ಜನಕ್ಕೆ ಸೀಮಂತ ಆಗಿದೆ? ಕೈ ತುಂಬಾ ಹಸಿರು ಬಳೆ ಇದೆ ಅಲ್ವಾ? ಒಮ್ಮೆ ಆಡಿಸಿ ನೋಡಿ. (ಬಳೆಗಳ ಸದ್ದು.) ಸೀಮಂತದ ದಿನ ಮೊಣಕೈವರೆಗೆ ಜಾರುತ್ತಿದ್ದ ಬಳೆ, ಒಂದು ದಿನ ಬೆಳಗ್ಗೆ ಎದ್ದಾಗ ಮಣಿಕಟ್ಟಿನಲ್ಲೇ ಕಚ್ಚಿಕೊಂಡಿದೆ, ಉಂಗುರ ಬರುತ್ತಿಲ್ಲ, ಕಣ್ಣಿನ ಸುತ್ತ ಮುಖ ಊದಿದೆ ಅಂದರೆ, ಅದು ಬಿಪಿ ಏರಿರುವ ಸೂಚನೆ ಇರಬಹುದು. ಅದರ ಜೊತೆಗೆ ಬಿಡದ ತಲೆನೋವು, ಕಣ್ಣು ಮಂಜು ಮಂಜು, ಕಣ್ಣ ಮುಂದೆ ಮಿಂಚಿನ ಚುಕ್ಕೆ, ಎದೆಗೂಡಿನ ಕೆಳಗೆ ಬಲಗಡೆ ನೋವು. ಇವುಗಳಲ್ಲಿ ಒಂದಿದ್ದರೂ ಗ್ಯಾಸ್ ಅಂತ ಸೋಡಾ ಕುಡಿದು ಮಲಗಬೇಡಿ. ಬಿಪಿ ನೋಡಿಸಿ. 140/90 ಅಥವಾ ಅದಕ್ಕಿಂತ ಮೇಲೆ ಇದ್ದರೆ ಅದೇ ದಿನ ಆಸ್ಪತ್ರೆ. ಬಿಟ್ಟರೆ ಫಿಟ್ಸ್‌ವರೆಗೆ ಹೋಗಬಹುದು. ಬಿಪಿ ಏರಿದ್ದಕ್ಕೆ ನೋವು ಬರಲೇಬೇಕು ಅಂತ ಇಲ್ಲ. ಕೆಲವರಿಗೆ ಏನೂ ಗೊತ್ತೇ ಆಗುವುದಿಲ್ಲ. ಅದಕ್ಕೇ ಕೊನೆಯ ತಿಂಗಳ ಚೆಕಪ್ ತಪ್ಪಿಸಬಾರದು. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರನ್ನು ಡಾಕ್ಟರೇ ಉಚಿತವಾಗಿ ನೋಡುವ ಏರ್ಪಾಡು 2016ರಿಂದ ಇದೆ. ದುಡ್ಡಿಲ್ಲ ಅಂತ ಯಾರೂ ಬಿಡಬೇಡಿ.

ಇನ್ನೊಂದು, ಅಂಗೈ ಮತ್ತು ಅಂಗಾಲು ಕೆರೆತ. ಗುಳ್ಳೆ ಇಲ್ಲ, ಕೆಂಪಿಲ್ಲ, ಬರೀ ಕೆರೆತ, ರಾತ್ರಿ ಜಾಸ್ತಿ. ಹೊಟ್ಟೆಯ ಚರ್ಮ ಹಿಗ್ಗಿ ಕೆರೆಯುವುದು ಬೇರೆ. ಅಂಗಾಲು ಕೆರೆದರೆ ಹೇಳಲೇಬೇಕು. ಪಿತ್ತಜನಕಾಂಗದ ತೊಂದರೆ ಇದೆಯಾ ಅಂತ ರಕ್ತ ಪರೀಕ್ಷೆ ಮಾಡುತ್ತಾರೆ.

(ಇಲ್ಲಿ ಮೂರನೇ ಸಾಲಿನಲ್ಲಿ ಕೂತಿದ್ದ ಒಬ್ಬರು ಕೈ ಎತ್ತಿದರು. 'ಸಿಸ್ಟರ್, ಈಗಲೇ ನನ್ನ ಹೊಟ್ಟೆ ಗಟ್ಟಿ ಆಗ್ತಿದೆ' ಅಂದರು. 38 ವಾರ, ಚೊಚ್ಚಲು. ಸಭೆಯೆಲ್ಲ ಅವರ ಕಡೆ ತಿರುಗಿತು. ಗಂಡ ಹಿಂದಿನ ಸಾಲಿನಿಂದ ಎದ್ದು ಓಡಿ ಬಂದರು. ನಾನು ವೇದಿಕೆಯಿಂದ ಇಳಿದು ಹೋದೆ.)

ಗಾಬರಿ ಬೇಡ. ನೀರು ಹೋಗಿಲ್ಲ ತಾನೆ? ರಕ್ತ ಇಲ್ಲ? ಮಗು ಆಡ್ತಿದೆ? ಸರಿ. ಈಗ ಟೈಮ್ ಎಷ್ಟು? 10 ಗಂಟೆ 52 ನಿಮಿಷ. ನೀವು ಗಂಡ ಅಲ್ವಾ? ಒಂದು ಚೀಟಿ, ಒಂದು ಪೆನ್ನು ತಗೊಳ್ಳಿ. ಬರೆಯಿರಿ, 10:52. ಅವರು 'ಬಂತು' ಅಂದಾಗಲೆಲ್ಲ ಟೈಮ್ ಬರೆಯಿರಿ. ಬಾಯಲ್ಲಿ ಹೇಳಿ ನೆನಪಿಟ್ಟುಕೊಳ್ಳುವುದು ಬೇಡ. ಇವರು ಎರಡು ಲೋಟ ನೀರು ಕುಡಿದು, ಬಾತ್‌ರೂಮಿಗೆ ಹೋಗಿ ಬಂದು, ಪಡಸಾಲೆಯಲ್ಲಿ ನಾಲ್ಕು ಹೆಜ್ಜೆ ನಡೆಯಲಿ. ನಾವು ಮುಂದುವರಿಸೋಣ. ಒಳ್ಳೆಯದೇ ಆಯಿತು, ಮಾತು ಸೀದಾ ನೋವಿಗೇ ಬಂತು.

ನೋವು ಎರಡು ತರ. ನಮ್ಮ ಕಡೆ 'ಸುಳ್ಳು ನೋವು' ಅನ್ನುತ್ತಾರೆ. ನನಗೆ ಆ ಮಾತು ಅಷ್ಟು ಇಷ್ಟ ಇಲ್ಲ. ನೋವೇನೂ ಸುಳ್ಳಲ್ಲ, ಅವಳಿಗೆ ನೋಯುತ್ತದೆ. ಹೆರಿಗೆಯ ನೋವು ಅಲ್ಲ, ಅಷ್ಟೇ. ಗರ್ಭಕೋಶ ಒಂದು ಸ್ನಾಯು. ಅದು ತಿಂಗಳುಗಟ್ಟಲೆ ಆಗಾಗ ಬಿಗಿಯಾಗಿ ಸಡಿಲ ಆಗುತ್ತಲೇ ಇರುತ್ತದೆ. 1872ರಲ್ಲಿ ಇದನ್ನು ಬರೆದಿಟ್ಟವರು ಇಂಗ್ಲೆಂಡಿನ ಡಾಕ್ಟರ್ ಜಾನ್ ಬ್ರಾಕ್ಸ್‌ಟನ್ ಹಿಕ್ಸ್. ಆಸ್ಪತ್ರೆಯಲ್ಲಿ ಈಗಲೂ ಅವರ ಹೆಸರಲ್ಲೇ ಕರೆಯುತ್ತಾರೆ. ನಮ್ಮ ಸೂಲಗಿತ್ತಿಯರಿಗೆ ಅದು ಯಾವ ಕಾಲದಿಂದಲೋ ಗೊತ್ತಿತ್ತು, ಬರೆದಿಡಲಿಲ್ಲ ಅಷ್ಟೇ. ಪಾವಗಡದ ಸೂಲಗಿತ್ತಿ ನರಸಮ್ಮನವರನ್ನು ನೀವೆಲ್ಲ ಕೇಳಿದ್ದೀರಿ, 2018ರಲ್ಲಿ ಪದ್ಮಶ್ರೀ ಬಂತು. ಶಾಲೆಯ ಮುಖ ನೋಡದ ಆ ತಾಯಿ ಹೊಟ್ಟೆ ಮುಟ್ಟಿ ಮಗು ಹೇಗಿದೆ ಅಂತ ಹೇಳುತ್ತಿದ್ದರು. ಅಷ್ಟು ವಿದ್ಯೆ ನಮಗೆ ಬರುವುದಿಲ್ಲ. ಆದರೆ ಒಂದಿಷ್ಟು ಕೈಗೆ ಕಲಿಸಬಹುದು.

ಎಲ್ಲರೂ ಒಂದು ಬೆರಳು ಎತ್ತಿ. ಗಂಡಸರೂ. ಮೂಗಿನ ತುದಿ ಒತ್ತಿ. ಮೆತ್ತಗೆ ಒಳಗೆ ಹೋಗುತ್ತದೆ, ಅಲ್ವಾ? ಈಗ ಗಲ್ಲ ಒತ್ತಿ, ಬಾಯಿ ಕೆಳಗೆ. ಸ್ವಲ್ಪ ಗಟ್ಟಿ, ಆದರೂ ಒಂಚೂರು ಜಗ್ಗುತ್ತದೆ. ಈಗ ಹಣೆ. ಒತ್ತಿದರೆ ಏನೂ ಇಲ್ಲ, ಮೂಳೆ. ನರ್ಸಿಂಗ್ ಶಾಲೆಯಲ್ಲಿ ನಮಗೆ ಹೇಳಿಕೊಟ್ಟದ್ದು ಇದೇ. ನೋವು ಬಂದಾಗ ಹೊಟ್ಟೆಯ ಮೇಲುಭಾಗದಲ್ಲಿ, ಹೊಕ್ಕುಳಿಗಿಂತ ಮೇಲೆ, ಅಂಗೈ ಅಗಲವಾಗಿ ಇಡಬೇಕು. ಬೆರಳಿನ ತುದಿಯಿಂದ ಚುಚ್ಚಬಾರದು. ಮೂಗಿನ ತುದಿ ತರ ಇದ್ದರೆ ಸಣ್ಣ ನೋವು. ಗಲ್ಲದ ತರ ಇದ್ದರೆ ಮಧ್ಯಮ. ಹಣೆ ತರ ಆದರೆ ಜೋರು ನೋವು. ಒಂದು ನೋವು ಬರುವಾಗ ಮೆಲ್ಲಗೆ ಏರುತ್ತದೆ, ತುದಿಗೆ ಹೋಗುತ್ತದೆ, ಇಳಿಯುತ್ತದೆ. ಇಳಿದ ಮೇಲೆ ಹೊಟ್ಟೆ ಪೂರ್ತಿ ಮೆತ್ತಗಾಗಬೇಕು. ಆ ಮೆತ್ತಗಾಗುವುದು ಬಹಳ ಮುಖ್ಯ. ಆ ಬಿಡುವಿನಲ್ಲೇ ಮಗುವಿಗೆ ರಕ್ತ ಸರಾಗವಾಗಿ ಹೋಗುವುದು. ಹೊಟ್ಟೆ ಹಲಗೆ ತರ ಗಟ್ಟಿಯಾಗಿ ಬಿಡದೇ ನಿಂತರೆ, ನೋವು ಇಳಿಯದೇ ಇದ್ದರೆ, ಲೆಕ್ಕ ಹಾಕಬೇಡಿ. ಮಾಸು, ಅಂದರೆ ಪ್ಲಾಸೆಂಟಾ, ಹೆರಿಗೆಗೆ ಮುಂಚೆಯೇ ಗರ್ಭಕೋಶದಿಂದ ಬಿಟ್ಟುಕೊಂಡಿರಬಹುದು. ಸೀದಾ ಆಸ್ಪತ್ರೆಗೆ ಹೊರಡಿ.

ಮನೆಯಲ್ಲಿ ಅಮ್ಮಂದಿರು ಜೀರಿಗೆ ಕಷಾಯ ಕುಡಿಸಿ ನೋಡುತ್ತಾರೆ. 'ಸುಳ್ಳು ನೋವಾದ್ರೆ ನಿಲ್ಲುತ್ತೆ, ನಿಜವಾದ್ರೆ ಜಾಸ್ತಿ ಆಗುತ್ತೆ' ಅಂತ. ಇದರಲ್ಲಿ ಅರ್ಥ ಇಲ್ಲದೆ ಇಲ್ಲ. ನೀರು ಕಮ್ಮಿ ಕುಡಿದಾಗ, ಮೂತ್ರ ಕಟ್ಟಿಕೊಂಡಾಗ, ತುಂಬಾ ಹೊತ್ತು ನಿಂತಾಗ ಈ ಬಿಗಿತ ಜಾಸ್ತಿ. ಬಿಸಿಬಿಸಿ ಏನಾದರೂ ಕುಡಿದು, ಎಡಮಗ್ಗುಲಿಗೆ ಮಲಗಿ, ಅಥವಾ ಮಲಗಿದ್ದವರು ಎದ್ದು ನಡೆದರೆ ಅದು ತಣ್ಣಗಾಗುತ್ತದೆ. ನಿಜವಾದ ನೋವು ಏನು ಮಾಡಿದರೂ ಕೇಳುವುದಿಲ್ಲ. ಕಷಾಯ ಕುಡಿಯಿರಿ, ಬೇಡ ಅನ್ನುವುದಿಲ್ಲ. ಹರಳೆಣ್ಣೆ ಮಾತ್ರ ಕುಡಿಸಬೇಡಿ. ನೋವು ಬರಿಸುತ್ತೇವೆ ಅಂತ ಹೊರಟು, ಬೇಧಿ ಹಚ್ಚಿ, ಸುಸ್ತಾಗಿ ಬಂದವರನ್ನು ಡ್ರಿಪ್ ಹಾಕಿ ಮಲಗಿಸಿದ್ದೇನೆ.

ನಿಜವಾದ ನೋವು ಬಹಳ ಸಲ ಸೊಂಟದಿಂದ ಶುರುವಾಗಿ ಮುಂದಕ್ಕೆ ಬರುತ್ತದೆ. ನನ್ನದೇ ಕತೆ ಹೇಳುತ್ತೇನೆ, ನಗಬೇಡಿ. ನನ್ನ ಮೊದಲ ಬಸುರಿನಲ್ಲಿ ರಜೆ ಮಾರನೇ ದಿನದಿಂದ ಇತ್ತು. ಅವತ್ತು ಕೊನೆಯ ನೈಟ್ ಡ್ಯೂಟಿ. ರಾತ್ರಿಯಿಡೀ ಸೊಂಟ ಹಿಡಿದಂತೆ ಆಗುತ್ತಿತ್ತು. ನಿಂತು ನಿಂತು ಹೀಗಾಗಿದೆ ಅಂದುಕೊಂಡೆ. ಬೆಳಗ್ಗೆ ಡ್ಯೂಟಿ ಬಿಟ್ಟುಕೊಡುವಾಗ ರಿಪೋರ್ಟ್ ಬರೆಯುತ್ತಿದ್ದೆ. ಬಂದ ಸಿಸ್ಟರ್ ಸುಮ್ಮನೆ ನನ್ನನ್ನೇ ನೋಡುತ್ತಾ ಕೂತರು. ಆಮೇಲೆ 'ಏನೇ, ಏಳು ನಿಮಿಷಕ್ಕೊಂದು ಸಲ ಪೆನ್ನು ಇಟ್ಟು ಮೇಜು ಹಿಡ್ಕೋತಿದ್ದೀಯಲ್ಲ' ಅಂದರು. ನೂರಾರು ಹೆರಿಗೆ ಮಾಡಿಸಿದವಳಿಗೆ ತನ್ನದು ಗೊತ್ತಾಗಲಿಲ್ಲ. ಅದಕ್ಕೇ ಹೇಳುವುದು, ನೋಯುತ್ತಿರುವವರು ಲೆಕ್ಕ ಇಡುವುದು ಕಷ್ಟ. ಪಕ್ಕದವರು ಇಡಬೇಕು.

ಲೆಕ್ಕ ಇಡುವುದರಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ಒಂದು ನೋವು ಮುಗಿದದ್ದರಿಂದ ಇನ್ನೊಂದು ಶುರುವಾಗುವವರೆಗೆ ಎಣಿಸುತ್ತಾರೆ. ಹಾಗಲ್ಲ. ಶುರುವಿನಿಂದ ಶುರುವಿಗೆ. 2 ಗಂಟೆ 10ಕ್ಕೆ ಶುರುವಾಯಿತು, 2:11ಕ್ಕೆ ಬಿಟ್ಟಿತು, ಮತ್ತೆ 2:15ಕ್ಕೆ ಶುರುವಾಯಿತು ಅಂದರೆ, ಅಂತರ ಐದು ನಿಮಿಷ. ನಾಲ್ಕಲ್ಲ. ನೋವಿನ ಉದ್ದ ಒಂದು ನಿಮಿಷ. ಇವೆರಡೂ ಬರೆಯಬೇಕು. ಚೊಚ್ಚಲಿನವರಿಗೆ ಆಸ್ಪತ್ರೆಯಲ್ಲಿ ಹೇಳುವ ಲೆಕ್ಕ ಏನೆಂದರೆ, ಐದು ನಿಮಿಷಕ್ಕೊಂದು ನೋವು, ಒಂದೊಂದೂ ಒಂದು ನಿಮಿಷ, ಹೀಗೆ ಒಂದು ಗಂಟೆ. ನೋವು ಬಂದಾಗ ಮಾತಾಡಲು ಆಗುತ್ತಿಲ್ಲ, ಉಸಿರು ಹಿಡಿದು ನಿಲ್ಲುತ್ತಾಳೆ ಅಂದರೆ ಹೊತ್ತಾಯಿತು ಅಂತ ತಿಳಿಯಿರಿ.

ಇದು ಪುಸ್ತಕದ ಲೆಕ್ಕ. ಬೆಂಗಳೂರಿನ ಲೆಕ್ಕ ಬೇರೆ. (ನಗು.) ಆಸ್ಪತ್ರೆ ಪಕ್ಕದ ಬೀದಿಯಲ್ಲಿದ್ದರೆ ಸರಿ. ಮನೆ ಸರ್ಜಾಪುರ ರಸ್ತೆ, ಆಸ್ಪತ್ರೆ ಜಯನಗರ, ಹೊತ್ತು ಸಂಜೆ ಆರು, ನಡುವೆ ಸಿಲ್ಕ್ ಬೋರ್ಡ್. ಇಲ್ಲಿ ಐದು ನಿಮಿಷ ಆಗುವವರೆಗೆ ಕಾಯಲು ಆಗುತ್ತದಾ? ಎಂಟು, ಹತ್ತು ನಿಮಿಷ ಇದ್ದಾಗಲೇ ಹೊರಡಿ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು ಕಡೆ ರಸ್ತೆಯೆಲ್ಲ ಕೆರೆಯಾಗಿ ಜನ ಟ್ರ್ಯಾಕ್ಟರ್‌ನಲ್ಲಿ ಓಡಾಡಿದ್ದು ನೆನಪಿದೆ ಅಲ್ವಾ? ಮಳೆಗಾಲದಲ್ಲಿ ಡೇಟ್ ಇರುವವರು ಎರಡನೇ ದಾರಿಯನ್ನೂ ನೋಡಿಟ್ಟುಕೊಳ್ಳಿ. ಭಾನುವಾರ ಬೆಳಗ್ಗೆ ಒಂದು ಸಲ ಹೋಗಿ ನೋಡಿ 'ಇಪ್ಪತ್ತೇ ನಿಮಿಷ' ಅಂತ ಖುಷಿ ಪಡಬೇಡಿ, ಶುಕ್ರವಾರ ಸಂಜೆ ಹೋಗಿ ನೋಡಿ. ರಾತ್ರಿ ಎರಡಕ್ಕೆ ಆಪ್‌ನಲ್ಲಿ ಕ್ಯಾಬ್ ಸಿಗುತ್ತೆ ಅಂತ ನಂಬಿ ಕೂರಬೇಡಿ. ಪಕ್ಕದ ಮನೆಯವರ ಕಾರಿದ್ದರೆ ಈಗಲೇ ಒಂದು ಮಾತು ಹೇಳಿಡಿ. 108 ಇದ್ದೇ ಇದೆ, 2008ರಿಂದ ನಮ್ಮ ರಾಜ್ಯದಲ್ಲಿ ಓಡುತ್ತಿದೆ, ದುಡ್ಡು ಕೊಡಬೇಕಿಲ್ಲ. ಫೋನ್ ಮಾಡುವಾಗ ವಿಳಾಸದ ಜೊತೆ ಹತ್ತಿರದ ದೇವಸ್ಥಾನ, ಸ್ಕೂಲು ಏನಾದರೂ ಗುರುತು ಹೇಳಿ. ಒಬ್ಬರು ಬೀದಿ ತುದಿಗೆ ಹೋಗಿ ನಿಲ್ಲಿ. ನಮ್ಮ ಊರಿನ ಕ್ರಾಸು, ಮೇನು ರಾತ್ರಿ ಹೊತ್ತು ಯಾರಿಗೂ ಸಿಗುವುದಿಲ್ಲ.

ಎರಡನೇ, ಮೂರನೇ ಹೆರಿಗೆ ಆದರೆ ಈ ಐದು ನಿಮಿಷದ ಲೆಕ್ಕ ಮರೆತುಬಿಡಿ. ನೋವು ಒಂದು ತಾಳಕ್ಕೆ ಬಂತು ಅಂದರೆ ಹೊರಡಿ. ಒಮ್ಮೆ ದಾರಿ ಆದ ಮೇಲೆ ಎರಡನೆಯದು ಬೇಗ. ಹಿಂದೆ ಸಿಸೇರಿಯನ್ ಆಗಿದ್ದರೆ, ಅವಳಿ ಇದ್ದರೆ, ಮಗು ಅಡ್ಡ ಅಥವಾ ಕುಂಡಿ ಕೆಳಗಾಗಿ ಇದ್ದರೆ, ಬಿಪಿ, ಶುಗರ್ ಇದ್ದರೆ ಮನೆಯಲ್ಲಿ ಗಡಿಯಾರ ನೋಡುತ್ತಾ ಕೂರುವ ಹಾಗಿಲ್ಲ. ಮೊದಲ ನೋವಿಗೇ ಫೋನ್ ಮಾಡಿ.

ಮತ್ತೆ, ಹೋದ ಮೇಲೆ 'ಇನ್ನೂ ಟೈಮ್ ಇದೆ, ಮನೆಗೆ ಹೋಗಿ' ಅಂದರೆ ಬೇಜಾರು ಮಾಡಿಕೊಳ್ಳಬೇಡಿ. ಯಾಕೆ ಹಾಗನ್ನುತ್ತಾರೆ ಅಂತ ಗೊತ್ತಿರಲಿ. ಗರ್ಭಕೋಶದ ಬಾಯಿ ಮೊದಲು ಮೆತ್ತಗಾಗಿ ತೆಳ್ಳಗಾಗಬೇಕು, ಆಮೇಲೆ ಬಿಚ್ಚಬೇಕು. ಪೂರ್ತಿ ಬಿಚ್ಚಿದರೆ 10 ಸೆಂಟಿಮೀಟರ್. ವಾರ್ಡಿನಲ್ಲಿ 'ಎರಡು ಬೆರಳು ಬಿಟ್ಟಿದೆ, ಮೂರು ಬೆರಳು ಬಿಟ್ಟಿದೆ' ಅಂತ ಮಾತಾಡುವುದು ಇದನ್ನೇ. ಮೊದಲೆಲ್ಲ 4 ಸೆಂಟಿಮೀಟರ್ ಆದರೆ ಹೆರಿಗೆ ಜೋರಾಯಿತು ಅಂತ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಅದನ್ನು 5 ಮಾಡಿತು. ಅಲ್ಲಿಯವರೆಗಿನ ಹಂತ ಎಷ್ಟು ಹೊತ್ತು ಬೇಕಾದರೂ ಎಳೆಯಬಹುದು, ಒಬ್ಬೊಬ್ಬರಿಗೆ ಒಂದೊಂದು ತರ. 5 ದಾಟಿದ ಮೇಲೆ ಬಾಯಿ ಪೂರ್ತಿ ಬಿಚ್ಚಲು ಚೊಚ್ಚಲಿಗೆ ಸಾಮಾನ್ಯವಾಗಿ 12 ಗಂಟೆ ದಾಟುವುದಿಲ್ಲ, ಆಮೇಲಿನ ಹೆರಿಗೆಗೆ 10 ಗಂಟೆ. ಮೊದಲ ಹಂತದಲ್ಲೇ ಬಂದು ಲೇಬರ್ ವಾರ್ಡಿನಲ್ಲಿ ಪಕ್ಕದವರ ಕಿರುಚಾಟ ಕೇಳುತ್ತಾ ಮಲಗುವುದಕ್ಕಿಂತ, ಮನೆಯಲ್ಲಿ ಬಿಸಿನೀರು ಹಾಕಿಕೊಂಡು, ಗಂಜಿ ಕುಡಿದು, ನಡೆದಾಡುವುದು ಎಷ್ಟೋ ಮೇಲು. ಪರೀಕ್ಷೆ ಮಾಡಿ ವಾಪಸ್ ಕಳಿಸಿದರೆ ಅದು ಅವಮಾನ ಅಲ್ಲ. ಮಗುವಿನ ಎದೆಬಡಿತ ಕೇಳಿಸಿಕೊಂಡು ಬಂದಿರಿ, ಬಿಪಿ ನೋಡಿಸಿಕೊಂಡು ಬಂದಿರಿ. ಅಷ್ಟು ಲಾಭ.

ಈಗ ಕೆಳಗೆ ಹೋಗುವುದರ ಬಗ್ಗೆ. ನಾಚಿಕೆ ಬೇಡ, ಇಲ್ಲಿ ಎಲ್ಲರೂ ಮನೆಯವರೇ.

ಲೋಳೆಸರ ಸಿಗಿದಾಗ ಒಳಗೆ ಅಂಟು ಇರುತ್ತದಲ್ಲ, ಆ ತರದ ಲೋಳೆ ಗರ್ಭಕೋಶದ ಬಾಯಿಗೆ ಬಿರಡೆ ಹಾಕಿದಂತೆ ಕೂತಿರುತ್ತದೆ. ಬಾಯಿ ಸಡಿಲ ಆದಾಗ ಅದು ಕಳಚಿ ಬರುತ್ತದೆ. ಅದರಲ್ಲಿ ಗುಲಾಬಿ ಅಥವಾ ಕಂದು ಬಣ್ಣದ ಎಳೆ ಇರಬಹುದು. ಅದು ಬಂದ ದಿನವೇ ಹೆರಿಗೆ ಆಗಬೇಕು ಅಂತಿಲ್ಲ. ಕೆಲವರಿಗೆ ಕೆಲವು ದಿನ ಹಿಡಿಯುತ್ತದೆ. 37 ವಾರ ಆಗಿದ್ದರೆ ಬ್ಯಾಗ್ ನೋಡಿಕೊಳ್ಳಿ, ಸ್ನಾನ ಮಾಡಿ, ಊಟ ಮಾಡಿ. ಆದರೆ ಲೋಳೆ ಬೇರೆ, ರಕ್ತ ಬೇರೆ. ಮುಟ್ಟಿನ ತರ ಕೆಂಪಗೆ ಹರಿದರೆ, ನೋವಿರಲಿ ಇಲ್ಲದಿರಲಿ, ಒಂದು ನಿಮಿಷ ಕೂಡ ನಿಲ್ಲಬೇಡಿ. ಸ್ಕ್ಯಾನಿಂಗ್‌ನಲ್ಲಿ 'ಮಾಸು ಕೆಳಗಿದೆ' ಅಂತ ಹೇಳಿಸಿಕೊಂಡವರಿಗೆ ನೋವೇ ಇಲ್ಲದೆ ರಕ್ತ ಹೋಗಬಹುದು. ನೋವಿಲ್ಲ ಅಂತ ಸಮಾಧಾನ ಮಾಡಿಕೊಳ್ಳುವುದೇ ಅಲ್ಲಿನ ಅಪಾಯ.

ನೀರು ಒಡೆಯುವುದು. ಸಿನಿಮಾದಲ್ಲಿ ದಪ್ಪನೆ ನೆಲದ ಮೇಲೆ ಬೀಳುತ್ತದೆ, ತಕ್ಷಣ ಹೀರೋಯಿನ್ ಕಿರುಚುತ್ತಾಳೆ. ನಿಜದಲ್ಲಿ ಹೆಚ್ಚಿನವರಿಗೆ ಮೊದಲು ನೋವು, ಆಮೇಲೆ ನೀರು. ದಿನ ತುಂಬಿದವರಲ್ಲಿ ನೋವಿಗೆ ಮುಂಚೆಯೇ ನೀರು ಹೋಗುವುದು ನೂರರಲ್ಲಿ ಸುಮಾರು ಎಂಟು ಜನಕ್ಕೆ. ಅದೂ ಎಲ್ಲರಿಗೂ ಭರ್ರನೆ ಬರುವುದಿಲ್ಲ. ಸೀರೆಯ ಅಂಚು ಒದ್ದೆ ಆಗುವಷ್ಟು, ತೊಟ್ಟು ತೊಟ್ಟಾಗಿ. 'ಮೂತ್ರ ಇರಬಹುದು ಸಿಸ್ಟರ್, ಸೀನಿದಾಗ ಹೋಯ್ತು' ಅನ್ನುತ್ತಾರೆ. ಇರಬಹುದು, ಕೊನೆಯ ತಿಂಗಳಲ್ಲಿ ಅದೂ ಆಗುತ್ತದೆ. ನೋಡಿಕೊಳ್ಳುವ ದಾರಿ ಇದು. ಬಾತ್‌ರೂಮಿಗೆ ಹೋಗಿ ಬನ್ನಿ. ಒಣ ಬಿಳಿ ಪ್ಯಾಡ್ ಅಥವಾ ಒಗೆದ ಬಿಳಿ ಪಂಚೆಯ ಬಟ್ಟೆ ಇಟ್ಟುಕೊಳ್ಳಿ. ಅರ್ಧ ಗಂಟೆ ಮಲಗಿ. ಎದ್ದು ನಿಂತಾಗ ಮತ್ತೆ ಹರಿಯಿತಾ? ಬಟ್ಟೆ ನೆನೆದಿದೆಯಾ? ಮೂತ್ರವನ್ನು ಸ್ವಲ್ಪವಾದರೂ ಹಿಡಿಯಬಹುದು, ಈ ನೀರನ್ನು ಹಿಡಿಯಲು ಆಗುವುದಿಲ್ಲ. ಮೂತ್ರದ ವಾಸನೆಯೂ ಇರುವುದಿಲ್ಲ. ಅನುಮಾನ ಇದ್ದರೂ ನೀರು ಹೋಗಿದೆ ಅಂತಲೇ ಇಟ್ಟುಕೊಂಡು ಹೊರಡಿ. ಆ ಬಟ್ಟೆಯನ್ನು ಕವರಿನಲ್ಲಿ ಹಾಕಿ ತನ್ನಿ. ಎಸೆಯಬೇಡಿ, ನಮಗೆ ಅದೇ ಸಾಕ್ಷಿ. ಬಣ್ಣ ನೋಡುತ್ತೇವೆ. ತಿಳಿ ಇದ್ದರೆ, ಅಕ್ಕಿ ತೊಳೆದ ನೀರಿನಷ್ಟು ಬಿಳಿ ಇದ್ದರೆ ಸರಿ. ಹಸಿರು, ಕಂದು ಇದ್ದರೆ ಮಗು ಒಳಗೇ ಮಲ ಮಾಡಿದೆ ಅಂತ. ಕೆಟ್ಟ ವಾಸನೆ ಇದ್ದರೆ, ಜ್ವರ ಇದ್ದರೆ ಸೋಂಕು ಇರಬಹುದು. ಎರಡರಲ್ಲೂ ಆತುರ ಬೇಕು. ನೀರು ಹೋದ ಟೈಮ್ ಬರೆದಿಡಿ. ನೋವಿಲ್ಲ ಅಂತ ಮನೆಯಲ್ಲಿ ಉಳಿಯಬೇಡಿ. ಬಾಗಿಲು ತೆಗೆದ ಮನೆ ಅದು, ಹೊತ್ತು ಕಳೆದಷ್ಟೂ ಸೋಂಕು ಒಳಗೆ ಹೋಗುವ ಭಯ.

ತುಂಬಾ ಅಪರೂಪದ ಒಂದು ವಿಷಯ, ಆದರೂ ಹೇಳಿಬಿಡುತ್ತೇನೆ. ನೀರು ಹೋದ ಮೇಲೆ ಹಗ್ಗದ ತರ ಏನೋ ಹೊರಗೆ ಬಂದರೆ ಅದು ಹೊಕ್ಕುಳ ಬಳ್ಳಿ. ಒಳಗೆ ತಳ್ಳಬೇಡಿ. ಮೊಣಕಾಲೂರಿ, ತಲೆ ನೆಲಕ್ಕೆ ಇಟ್ಟು, ಸೊಂಟ ಮೇಲೆತ್ತಿ ಹಾಗೇ ಇರಿ. 108ಕ್ಕೆ ಫೋನ್ ಮಾಡಿ ಇದೇ ಮಾತು ಹೇಳಿ.

ಇನ್ನು ನನಗೆ ಎಲ್ಲಕ್ಕಿಂತ ಹೆಚ್ಚು ಹೇಳಬೇಕಾಗಿರುವುದು. ಇಲ್ಲಿವರೆಗೆ ಸದ್ದು ಮಾಡುವ ಸೂಚನೆಗಳನ್ನು ಹೇಳಿದೆ. ನೋವು ಕಿರುಚಿಸುತ್ತದೆ, ನೀರು ಬಟ್ಟೆ ನೆನೆಸುತ್ತದೆ, ಮನೆಯವರೆಲ್ಲ ಎದ್ದು ಕೂರುತ್ತಾರೆ. ಸದ್ದಿಲ್ಲದೆ ಬರುವುದು ಒಂದಿದೆ. ಮಗು ಸುಮ್ಮನಾಗುವುದು. 'ಹೆರಿಗೆಗೆ ಮುಂಚೆ ಮಗು ಸುಮ್ನಾಗುತ್ತೆ, ಜಾಗ ಇರಲ್ಲ ಅಲ್ವಾ' ಅಂತ ಎಷ್ಟು ಮನೆಗಳಲ್ಲಿ ಹೇಳುತ್ತಾರೋ. ಇದು ತಪ್ಪು. ಜಾಗ ಕಮ್ಮಿ ಆಗುವುದು ನಿಜ. ಅದಕ್ಕೆ ಒದೆತ ಹೋಗಿ ಹೊರಳಾಟ ಆಗಬಹುದು, ಪಕ್ಕೆಯಲ್ಲಿ ತಳ್ಳಿದ ಹಾಗೆ, ಉರುಳಿದ ಹಾಗೆ ಅನ್ನಿಸಬಹುದು. ಆಟದ ರೀತಿ ಬದಲಾಗುತ್ತದೆ, ಆಟ ಕಮ್ಮಿ ಆಗಬಾರದು. ನೋವು ಶುರುವಾದ ಮೇಲೂ ಮಗು ಆಡುತ್ತಿರಬೇಕು.

ನಾನು ಹೇಳಿಕೊಡುವುದು ಅವರೆಕಾಳಿನ ಲೆಕ್ಕ. ಒಂದು ಬಟ್ಟಲಲ್ಲಿ 10 ಕಾಳು, ಪಕ್ಕದಲ್ಲಿ ಖಾಲಿ ಬಟ್ಟಲು. ರಾತ್ರಿ ಊಟ ಆದ ಮೇಲೆ ಫೋನು, ಟಿವಿ ಬಿಟ್ಟು ಎಡಮಗ್ಗುಲಿಗೆ ಮಲಗಿ. ಮಗು ಒಂದು ಸಲ ಆಡಿದರೆ ಒಂದು ಕಾಳು ಆಚೆಗೆ. ಎರಡು ಗಂಟೆಯೊಳಗೆ ಹತ್ತೂ ಕಾಳು ಹೋಗಬೇಕು. ಹೆಚ್ಚಿನವರಿಗೆ ಅಷ್ಟು ಹೊತ್ತು ಬೇಕಾಗುವುದೇ ಇಲ್ಲ. ನಾಲ್ಕು ದಿನ ಮಾಡಿದರೆ ನಿಮ್ಮ ಮಗುವಿನ ರೀತಿ ನಿಮಗೇ ಗೊತ್ತಾಗುತ್ತದೆ. ಕೆಲವು ರಾತ್ರಿ ಹನ್ನೊಂದಕ್ಕೆ ಎದ್ದು ಕುಣಿಯುತ್ತವೆ, ಕೆಲವು ಬೆಳಗಿನ ಜಾವ. ಕಾಳು ಉಳಿದರೆ, ಅಥವಾ ಹತ್ತು ಎಣಿಸಿದರೂ 'ಇವತ್ತು ಎಂದಿನ ಹಾಗಿಲ್ಲ' ಅಂತ ಮನಸ್ಸಿಗೆ ಅನ್ನಿಸಿದರೆ, ಅದೇ ರಾತ್ರಿ ಹೋಗಿ. ಬೆಳಗ್ಗೆ ನೋಡೋಣ ಅನ್ನಬೇಡಿ. 1935ರಿಂದ ನಡೆಯುತ್ತಿರುವ ನಮ್ಮ ವಾಣಿವಿಲಾಸ ಆಸ್ಪತ್ರೆ ರಾತ್ರಿಯೂ ತೆರೆದಿರುತ್ತದೆ. ಹೋಗಿ, ಎದೆಬಡಿತ ಕೇಳಿಸಿಕೊಂಡು, ಬೆಳಗಿನ ಜಾವ ಮನೆಗೆ ಬನ್ನಿ. ಬೆಳಗ್ಗೆವರೆಗೆ ಕಾದು ಬಂದ ಒಬ್ಬರ ಹೊಟ್ಟೆಯ ಮೇಲೆ ಅರ್ಧ ಗಂಟೆ ಎದೆಬಡಿತ ಹುಡುಕಿದ್ದೇನೆ. ಸಿಗಲಿಲ್ಲ. ಅದರ ಬಗ್ಗೆ ಇಷ್ಟೇ ಹೇಳುತ್ತೇನೆ.

ಬ್ಯಾಗಿನ ವಿಷಯ ಬೇಗ ಮುಗಿಸುತ್ತೇನೆ, ಅದನ್ನು ಎಲ್ಲರೂ ಚೆನ್ನಾಗಿಯೇ ತುಂಬುತ್ತಾರೆ. ತಾಯಿ ಕಾರ್ಡ್, ಸ್ಕ್ಯಾನಿಂಗ್ ರಿಪೋರ್ಟು, ರಕ್ತದ ಗುಂಪಿನ ಚೀಟಿ, ಆಧಾರ್ ಒಂದೇ ಕವರಿನಲ್ಲಿ ಇರಲಿ. ಅಜ್ಜಿಯ ಹಳೇ ಕಾಟನ್ ಸೀರೆ ಹರಿದು ಒಗೆದಿಟ್ಟ ಬಟ್ಟೆ ನಾಲ್ಕಾರು. ಪ್ಯಾಡು, ಚಾರ್ಜರು, ಫ್ಲಾಸ್ಕು. ಚಿನ್ನ ಬೇಡ.

(ಆಮೇಲೆ ಪ್ರಶ್ನೆಗಳು. ಒಬ್ಬರು ಅತ್ತೆ ಅಮಾವಾಸ್ಯೆ, ಹುಣ್ಣಿಮೆಗೆ ನೋವು ಜಾಸ್ತಿ ಬರುತ್ತಾ ಅಂತ ಕೇಳಿದರು.)

ಅಮ್ಮಾ, ಮೂವತ್ತು ವರ್ಷ ನೈಟ್ ಡ್ಯೂಟಿ ಮಾಡಿದ್ದೇನೆ. ನಮ್ಮ ವಾರ್ಡು ಅಮಾವಾಸ್ಯೆಗೂ ತುಂಬಿರುತ್ತಿತ್ತು, ಅಷ್ಟಮಿಗೂ ತುಂಬಿರುತ್ತಿತ್ತು. ನನ್ನ ಕಣ್ಣಿಗೆ ವ್ಯತ್ಯಾಸ ಕಾಣಲಿಲ್ಲ. ನೀವು ಪಂಚಾಂಗ ನೋಡಿ, ಜೊತೆಗೆ ಗಡಿಯಾರವನ್ನೂ ನೋಡಿ.

(ಇನ್ನೊಬ್ಬರು, ತವರು ದಾವಣಗೆರೆ, ಅಲ್ಲಿಗೆ ಯಾವಾಗ ಹೋಗಬೇಕು ಅಂತ ಕೇಳಿದರು.)

ಚೊಚ್ಚಲು ತವರಿನಲ್ಲೇ ಅನ್ನುವುದಾದರೆ ಬೇಗ ಹೋಗಿ. ಏಳು, ಏಳೂವರೆ ತಿಂಗಳಿಗೇ ಡಾಕ್ಟರನ್ನು ಕೇಳಿಕೊಂಡು ಹೋಗಿ, ಅಲ್ಲಿಯ ಡಾಕ್ಟರ್‌ಗೆ ಒಂದೆರಡು ಸಲವಾದರೂ ತೋರಿಸಿಕೊಂಡಿರಬೇಕು. 38 ವಾರದಲ್ಲಿ ಬಸ್ ಹತ್ತಿ, ಹೆದ್ದಾರಿಯಲ್ಲಿ ನೀರು ಒಡೆದರೆ ಯಾರನ್ನು ಕೇಳುತ್ತೀರಿ?

(ಅಷ್ಟು ಹೊತ್ತಿಗೆ ಕಾಫಿ ಬಂತು. ಗಂಟೆ ಹನ್ನೆರಡು ದಾಟಿತ್ತು. ನನಗೆ ಮೂರನೇ ಸಾಲು ನೆನಪಾಯಿತು.)

ಎಲ್ಲಿ, ಚೀಟಿ ಓದಿ ಸಾರ್. ಜೋರಾಗಿ.

ಅವರು ಎದ್ದು ನಿಂತರು, ಶಾಲೆಯಲ್ಲಿ ಪಾಠ ಒಪ್ಪಿಸುವವರ ತರ. '10:52 ಗಟ್ಟಿ. 11:04 ಗಟ್ಟಿ, ಮೂಗು. 11:09 ಗಟ್ಟಿ, ಮೂಗು. 11:31 ಸ್ವಲ್ಪ.' ಆಮೇಲೆ?

'ಆಮೇಲೆ ಇಲ್ಲ ಸಿಸ್ಟರ್.'

ಹನ್ನೆರಡು ನಿಮಿಷ, ಐದು ನಿಮಿಷ, ಇಪ್ಪತ್ತೆರಡು ನಿಮಿಷ, ಆಮೇಲೆ ಇಲ್ಲ. ತಾಳ ಇಲ್ಲ, ಜೋರೂ ಆಗಲಿಲ್ಲ. ಮೂಗಿನಿಂದ ಗಲ್ಲಕ್ಕೂ ಬರಲಿಲ್ಲ. ಇವತ್ತಿಗೆ ಮನೆಗೆ ಹೋಗಿ ಊಟ ಮಾಡಬಹುದು. ಆದರೂ ಸಂಜೆ ನಿಮ್ಮ ಆಸ್ಪತ್ರೆಗೆ ಒಂದು ಫೋನ್ ಮಾಡಿ ಹೇಳಿ. ಕೆಳಗೆ ಇನ್ನೂ ಏನೋ ಬರೆದಿದೆಯಲ್ಲ?

ಅವರು ನಾಚಿಕೊಂಡರು. ಹೆಂಡತಿ ಚೀಟಿ ಕಿತ್ತುಕೊಂಡು ತಾವೇ ಓದಿದರು. '11:40 ಒದೆತ. 11:41 ಒದೆತ. 11:41 ಮತ್ತೆ. 11:46 ಹೊರಳಿತು. 11:52 ನನ್ನ ಕೈಗೆ ಒದೀತು.'